ಬೆಕ್ಕಿನ ಮೂಲೆ

ದಾರಿ ಕೇಳಿದವರಿಗೆ ದಾರಿ ಹೇಳುವ ರೀತಿ ಊರಿಂದೂರಿಗೆ ಬೇರೆಯಾಗಿರುತ್ತದೆ. ಹಳ್ಳಿಯವರು ಕೆರೆಯ ಏರಿ, ಅರಳಿಕಟ್ಟೆ, ಮಾರಮ್ಮನ ಗುಡಿ ಇವುಗಳ ಗುರುತು ಹೇಳಿ, ‘ಅಲ್ಲಿಂದ ಒಂದು ಕೂಗಳತೆ’ ಎಂದು ಮುಗಿಸುತ್ತಾರೆ. ಪೇಟೆಯವರು ಬ್ಯಾಂಕು, ಚಿತ್ರಮಂದಿರ, ಬಸ್ ನಿಲ್ದಾಣಗಳ ಹೆಸರು ಹೇಳಿ ಬಲಕ್ಕೋ ಎಡಕ್ಕೋ ಕೈ ತೋರಿಸುತ್ತಾರೆ. ಹೇಳುವವನಿಗೆ ಇದರಲ್ಲಿ ಕಷ್ಟವೇನೂ ಇಲ್ಲ. ಅವನು ಹುಟ್ಟಿದಂದಿನಿಂದ ಕಂಡ ಮರ ಅದು, ಹುಟ್ಟಿದಂದಿನಿಂದ ಆಡಿದ ಮಾತು ಅದು. ಕೇಳುವವನು ಪರಸ್ಥಳದವನಾದರೆ ಮಾತ್ರ, ಅವನು ಬೀದಿಯಲ್ಲಿ ದಾರಿ ತಪ್ಪುವುದಕ್ಕೆ ಮೊದಲು ಮಾತಿನಲ್ಲಿಯೇ ದಾರಿ ತಪ್ಪುತ್ತಾನೆ. ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ 34 ವರ್ಷ ಗಣಿತವನ್ನು ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿಗೆ ಹೀಗೆಯೇ ಆಯಿತು. ಅವರು ತಪ್ಪಿದ್ದು ಬೇರೆ ಯಾವ ದಾರಿಯನ್ನೂ ಅಲ್ಲ. ತಮ್ಮ ಜೀವಮಾನವೆಲ್ಲ ಕರಿಹಲಗೆಯ ಮೇಲೆ ಎಳೆಯುತ್ತ ಬಂದಿದ್ದ ಒಂದು ಗೆರೆಯನ್ನೇ.

ಮೇಷ್ಟ್ರ ಮಗಳು ಮತ್ತು ಅಳಿಯ ಇರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿಯಾದ ಮ್ಯಾಡಿಸನ್ನಿನಲ್ಲಿ. ಮೆಂಡೋಟ, ಮೊನೋನ ಎಂಬ ಎರಡು ಸರೋವರಗಳ ನಡುವಣ ಕಿರಿದಾದ ನೆಲದ ಮೇಲೆ ಆ ನಗರದ ಹೃದಯಭಾಗವಿದೆ. ಆ ನೆಲ ನೈಋತ್ಯದಿಂದ ಈಶಾನ್ಯಕ್ಕೆ ಓರೆಯಾಗಿ ಚಾಚಿಕೊಂಡಿದೆ. ಅದನ್ನು ಅನುಸರಿಸಿ ಅಲ್ಲಿಯ ಬೀದಿಗಳೂ ಓರೆಯಾಗಿ ಸಾಗುತ್ತವೆ. ಬೆಳಗಿನ ಬಿಸಿಲನ್ನು ನೋಡಿ ಪೂರ್ವ ಪಶ್ಚಿಮಗಳನ್ನು ಗೊತ್ತುಮಾಡಿಕೊಳ್ಳುವ ಅಭ್ಯಾಸವಿದ್ದ ಮೇಷ್ಟ್ರಿಗೆ ಇದು ಮೊದಲ ದಿನದಿಂದಲೂ ಕಸಿವಿಸಿ. ಯಾವ ಬೀದಿಯಲ್ಲಿ ನಿಂತರೂ ಸೂರ್ಯ ಒಂದು ಮೂಲೆಯಿಂದ ಇಣುಕುತ್ತಿದ್ದ.

ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ. ಮಗಳೂ ಅಳಿಯನೂ ಕೆಲಸಕ್ಕೆ ಹೋಗಿದ್ದರು. ಹತ್ತು ವರ್ಷದ ಮೊಮ್ಮಗಳು ಶಾಲೆಯಲ್ಲಿದ್ದಳು. ಮೇಷ್ಟ್ರ ಹೆಂಡತಿಗೆ ಬಹುಕಾಲದಿಂದ ಉಬ್ಬಸದ ತೊಂದರೆ. ಅಂದು ಬೀಸಿದ ತಣ್ಣನೆಯ ಗಾಳಿಗೆ ಉಸಿರು ಬಿಗಿಯತೊಡಗಿತು. ಊರಿನಿಂದ ತಂದಿದ್ದ ಇನ್‌ಹೇಲರ್ ಮುಗಿಯುತ್ತ ಬಂದಿತ್ತು. ಮಗಳಿಗೆ ದೂರವಾಣಿ ಮಾಡಿದಾಗ ಅವಳು, “ಅಪ್ಪ, ಡಾಕ್ಟರು ಬರೆದುಕೊಟ್ಟ ಔಷಧಿ ಅಂಗಡಿಯಲ್ಲಿ ಸಿದ್ಧವಾಗಿದೆಯಂತೆ. ನಾನು ಹೊರಟು ಬರಲು ಒಂದು ಗಂಟೆಯಾದರೂ ಬೇಕು. ಅಂಗಡಿ ನಾಲ್ಕೇ ಬೀದಿಯಾಚೆ ಇದೆ. ನೀವು ಹೋಗಿ ತರುತ್ತೀರಾ?” ಎಂದಳು. “ಅಷ್ಟು ದೂರ ಹೋಗಲಾರೆನೇ?” ಎಂದು ಮೇಷ್ಟ್ರು ಕೋಟು ತೊಟ್ಟು ಹೊರಟರು. ದೂರವಾಣಿಯಲ್ಲಿ ನಕ್ಷೆ ನೋಡಿ ನಡೆಯುವ ಅಭ್ಯಾಸ ಅವರಿಗಿರಲಿಲ್ಲ. ಬಾಯಿದ್ದವನಿಗೆ ದಾರಿಯ ಚಿಂತೆ ಏಕೆಂಬುದು ಅವರ ನಂಬಿಕೆ.

ಮೂರು ಬೀದಿಗಳನ್ನು ದಾಟುವುದರೊಳಗೆ ಆ ನಂಬಿಕೆಯನ್ನು ಪರೀಕ್ಷಿಸುವ ಸಂದರ್ಭ ಬಂತು. ಎದುರಿಗೆ ಬಂದ ಅಂಚೆಯವನನ್ನು ನಿಲ್ಲಿಸಿ ಔಷಧಿ ಅಂಗಡಿ ಎಲ್ಲಿದೆಯೆಂದು ಕೇಳಿದರು. ಅವನು ನಗುಮುಖದಿಂದ ಮುಂದಿನ ಚೌಕದಲ್ಲಿ ಒಂದು ಬ್ಯಾಂಕಿದೆಯೆಂದೂ, ಔಷಧಿ ಅಂಗಡಿ ಅದಕ್ಕೆ ‘ಕಿಟಿ-ಕಾರ್ನರ್’ ಎಂದೂ ಹೇಳಿ ತನ್ನ ಪಾಡಿಗೆ ತಾನು ಹೊರಟುಹೋದ. ಮೇಷ್ಟ್ರಿಗೆ ಆ ಇಂಗ್ಲಿಷಿನಲ್ಲಿ ಒಂದು ಪದವೂ ಅಪರಿಚಿತವಾಗಿ ಕಾಣಲಿಲ್ಲ. ‘ಕಿಟಿ’ ಎಂದರೆ ಬೆಕ್ಕಿನ ಮರಿ. ‘ಕಾರ್ನರ್’ ಎಂದರೆ ಮೂಲೆ. ನಮ್ಮ ಊರುಗಳಲ್ಲಿ ಜ್ಯೂಸ್ ಕಾರ್ನರ್, ಬುಕ್ ಕಾರ್ನರ್, ಚಾಟ್ಸ್ ಕಾರ್ನರ್ ಎಂದು ಫಲಕ ತೂಗುಹಾಕುವುದಿಲ್ಲವೇ? ಹಾಗೆಯೇ ಇಲ್ಲಿ ಕಿಟಿ ಕಾರ್ನರ್ ಎಂಬುದು ಅಂಗಡಿಯ ಹೆಸರಾಗಿರಬೇಕೆಂದು ಅವರು ನಿಶ್ಚಯಿಸಿದರು. ಔಷಧಿ ಮಾರುವವನು ತನ್ನ ಅಂಗಡಿಗೆ ಬೆಕ್ಕಿನ ಹೆಸರಿಡುವುದು ವಿಚಿತ್ರವೆನಿಸಿದರೂ, ದೇಶ ಬೇರೆ, ಪದ್ಧತಿ ಬೇರೆ ಎಂದು ಸಮಾಧಾನ ಮಾಡಿಕೊಂಡರು.

ಚೌಕ ಬಂತು. ಬ್ಯಾಂಕೂ ಇತ್ತು. ಬ್ಯಾಂಕಿನ ಎಡಮಗ್ಗುಲಲ್ಲಿ ನೋಡಿದರು, ಬಲಮಗ್ಗುಲಲ್ಲಿ ನೋಡಿದರು. ಬೀದಿ ದಾಟಿ ಅದರ ನೇರ ಎದುರಿಗೆ ನೋಡಿದರು. ಎಲ್ಲಿಯೂ ಕಿಟಿ ಕಾರ್ನರ್ ಇಲ್ಲ. ಮುಂದಿನ ಬೀದಿಯಲ್ಲಿ ಸ್ವಲ್ಪ ದೂರ ನಡೆದರು. ಹಿಂದಿರುಗಿ ಬಂದು ಇನ್ನೊಂದು ಬೀದಿಯಲ್ಲಿ ನಡೆದರು. ಮನೆಯಲ್ಲಿ ಹೆಂಡತಿ ಕಿಟಕಿಯ ಬಳಿ ಮುಂದಕ್ಕೆ ಬಾಗಿ ಕುಳಿತು ಉಸಿರೆಳೆದುಕೊಳ್ಳುತ್ತಿದ್ದ ಚಿತ್ರ ಕಣ್ಣ ಮುಂದೆ ಬಂದು ಕಾಲು ಚುರುಕಾಯಿತು. ಆದರೆ ಎತ್ತ ಹೋಗಬೇಕೆಂದು ತಿಳಿಯದ ಕಾಲಿಗೆ ಚುರುಕು ಬಂದು ಫಲವೇನು? ಅಷ್ಟರಲ್ಲಿ ಒಂದು ಗಾಜಿನ ಬಾಗಿಲ ಮೇಲೆ ಬಿಳಿಯ ಬೆಕ್ಕಿನ ಚಿತ್ರ ಕಂಡಿತು. ‘ಸಿಕ್ಕಿತು’ ಎಂದುಕೊಂಡು ಮೇಷ್ಟ್ರು ಒಳಗೆ ನುಗ್ಗಿ, ಹೆಂಡತಿಯ ಹೆಸರು ಹೇಳಿ, ಉಬ್ಬಸದ ಔಷಧಿ ಸಿದ್ಧವಿದೆಯೇ ಎಂದು ಕೇಳಿದರು. ಅಲ್ಲಿದ್ದ ತರುಣಿ ಗಾಬರಿಯಿಂದ, ಕಾಯಿಲೆ ಬೆಕ್ಕಿಗೋ ನಾಯಿಗೋ ಎಂದು ವಿಚಾರಿಸಿದಳು. ಅದು ಸಾಕುಪ್ರಾಣಿಗಳ ಆಹಾರ ಮಾರುವ ಅಂಗಡಿ.

ಮೇಷ್ಟ್ರ ಮುಖದಲ್ಲಿದ್ದ ಆತಂಕವನ್ನು ಕಂಡು ಆಕೆ ನಗಲಿಲ್ಲ. ಒಂದು ಚೀಟಿಯನ್ನು ತೆಗೆದುಕೊಂಡು ಅದರ ಮೇಲೆ ಒಂದನ್ನೊಂದು ಕತ್ತರಿಸುವ ಎರಡು ಬೀದಿಗಳನ್ನು ಬರೆದಳು. ಬೀದಿಗಳು ಸೇರುವಲ್ಲಿ ನಾಲ್ಕು ಮೂಲೆಗಳಾದವು. ಒಂದು ಮೂಲೆಯಲ್ಲಿ ಬ್ಯಾಂಕು ಎಂದು ಗುರುತಿಟ್ಟಳು. ಅಲ್ಲಿಂದ ಪೆನ್ಸಿಲನ್ನು ನಡುಮಧ್ಯದಲ್ಲಿ ಹಾಯಿಸಿ ಎದುರು ಮೂಲೆಗೆ ಒಂದು ಓರೆಗೆರೆಯನ್ನು ಎಳೆದು, ಇದೇ ಕಿಟಿ-ಕಾರ್ನರ್ ಎಂದಳು. ಮೇಷ್ಟ್ರು ಆ ಚೀಟಿಯನ್ನು ನೋಡಿದರು. ‘ಅಯ್ಯೋ, ಕರ್ಣ!’ ಎಂಬ ಕನ್ನಡದ ಉದ್ಗಾರ ಅವರಿಗೆ ಅರಿವಿಲ್ಲದೆಯೇ ಹೊರಬಿತ್ತು. ಆಯತದ ಒಂದು ಶೃಂಗದಿಂದ ಅದರ ಅಭಿಮುಖ ಶೃಂಗಕ್ಕೆ ಎಳೆದ ರೇಖೆ! ಸಾವಿರ ಸಲ ಬೋಧಿಸಿದ್ದ ಪಾಠ ಇಲ್ಲಿ ಬೆಕ್ಕಿನ ವೇಷದಲ್ಲಿ ಬಂದು ಅವರನ್ನು ಅರ್ಧ ಗಂಟೆ ಸುತ್ತಾಡಿಸಿತ್ತು.

ಈ ಪದದ ಉಪಯೋಗ ಎಲ್ಲಿದೆಯೆಂಬುದನ್ನು ಎರಡು ಬೀದಿಗಳು ಸೇರುವ ಯಾವುದೇ ಚೌಕದಲ್ಲಿ ನಿಂತು ನೋಡಬಹುದು. ನಾವು ಒಂದು ಮೂಲೆಯಲ್ಲಿ ನಿಂತರೆ ಉಳಿಯುವ ಮೂಲೆಗಳು ಮೂರು. ಅವುಗಳಲ್ಲಿ ಎರಡನ್ನು ಸೇರಲು ಒಂದೊಂದೇ ಬೀದಿಯನ್ನು ದಾಟಿದರೆ ಸಾಕು. ಅವು ನಮಗೆ ಎದುರಿನವು. ಮೂರನೆಯದನ್ನು ಸೇರಬೇಕಾದರೆ ಎರಡು ಬೀದಿಗಳನ್ನೂ ದಾಟಬೇಕು. ಕನ್ನಡದಲ್ಲಿ ಮಾತನಾಡುವಾಗ ಅದನ್ನೂ ಸಾಮಾನ್ಯವಾಗಿ ‘ಎದುರಿಗೆ’ ಎಂದೇ ಹೇಳಿ, ಕೈಯನ್ನು ಸ್ವಲ್ಪ ಓರೆ ಮಾಡಿ ತೋರಿಸಿ ಮುಗಿಸುತ್ತೇವೆ. ಅಮೆರಿಕದ ಜನ ಆ ಮೂರನೆಯ ಮೂಲೆಗೆಂದೇ ಒಂದು ಮಾತನ್ನು ಇಟ್ಟುಕೊಂಡಿದ್ದಾರೆ. ಅದು ಮನೆಯ ಮಾತು, ಬೀದಿಯ ಮಾತು. ರೇಖಾಗಣಿತದ ಪುಸ್ತಕದಲ್ಲಾಗಲಿ ಸರ್ಕಾರದ ದಾಖಲೆಯಲ್ಲಾಗಲಿ ಅಂಥ ಕಡೆ ‘ಡಯಾಗನಲ್’ ಎಂಬ ಪಂಡಿತರ ಪದವೇ ಬಳಕೆಯಾಗುತ್ತದೆ. ಕೊಠಡಿಯಲ್ಲಿ ಕುರ್ಚಿಯನ್ನು ಮೂಲೆಗೆ ಓರೆಯಾಗಿಟ್ಟರೂ, ಬಯಲನ್ನು ಸುತ್ತಿಬರದೆ ಅಡ್ಡಹಾಯ್ದು ನಡೆದರೂ ಈ ಮನೆಮಾತೇ ಅವರ ನಾಲಿಗೆಗೆ ಬರುತ್ತದೆ.

ಮೇಷ್ಟ್ರು ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು, ಎರಡು ಸಲ ಹಸಿರು ದೀಪಕ್ಕೆ ಕಾದು, ಎರಡು ಬೀದಿಗಳನ್ನು ದಾಟಿ ಔಷಧಿ ತಂದರು. ಇನ್‌ಹೇಲರನ್ನು ಸೇದಿ ಸ್ವಲ್ಪ ಹೊತ್ತಾದ ಮೇಲೆ ಹೆಂಡತಿಯ ಉಸಿರು ಸಡಿಲವಾಯಿತು. “ಯಾಕೆ ಇಷ್ಟು ಹೊತ್ತಾಯಿತು? ಯಾರನ್ನಾದರೂ ದಾರಿ ಕೇಳಬಾರದಾಗಿತ್ತೇ?” ಎಂದರು ಆಕೆ.

“ಕೇಳಿದ್ದರಿಂದಲೇ ಹೊತ್ತಾಯಿತು” ಎಂದು ಮೇಷ್ಟ್ರು ನಡೆದುದನ್ನೆಲ್ಲ ವಿವರಿಸಿದರು.

“ಬೆಕ್ಕು ಅಡ್ಡ ಬಂದರೆ ಹೋದ ಕೆಲಸ ಕೆಡುತ್ತದೆ ಅಂತ ಹಿರಿಯರು ಹೇಳಿದ್ದು ಸುಳ್ಳಲ್ಲ” ಎಂದು ಆಕೆ ಮೆಲ್ಲಗೆ ನಕ್ಕರು. ಆ ನಗೆಯನ್ನು ಕಂಡ ಮೇಲೆಯೇ ಮೇಷ್ಟ್ರ ಎದೆ ಹಗುರವಾದದ್ದು.

ಸಂಜೆ ಮೊಮ್ಮಗಳು ಈ ಕಥೆಯನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ತಾತ, ಇದು ಎಲ್ಲರಿಗೂ ಗೊತ್ತು! ಒಂದನೇ ತರಗತಿಯ ಮಕ್ಕಳಿಗೂ ಗೊತ್ತು!” ಎಂದಳು. ಮಗುವಿನ ನಗೆಯಲ್ಲಿ ಕುಚೋದ್ಯವಿರಲಿಲ್ಲ. ಆದರೂ ಮೇಷ್ಟ್ರಿಗೆ ಎಲ್ಲಿಯೋ ಚುಚ್ಚಿದಂತಾಯಿತು. ತಿಳಿದವರ ನಡುವೆ ತಿಳಿಯದವನಾಗಿ ನಿಲ್ಲುವುದು ಅವರಿಗೆ ಹೊಸ ಅನುಭವ. ತರಗತಿಯಲ್ಲಿ 34 ವರ್ಷವೂ ಅವರು ಹಲಗೆಯ ಪಕ್ಕದಲ್ಲಿ ನಿಂತವರೇ ಹೊರತು ಬೆಂಚಿನ ಮೇಲೆ ಕುಳಿತವರಲ್ಲ. ಆ ರಾತ್ರಿ ಅವರು, “ಮೂಲೆಗೂ ಬೆಕ್ಕಿಗೂ ಏನು ಸಂಬಂಧ?” ಎಂದು ಕೇಳಿದಾಗ ಮೊಮ್ಮಗಳು ಉತ್ತರ ಹೇಳಲಾರದೆ ಹೋದಳು. ಮಗಳಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಮಾತಿನ ಒಳಗು ಯಾರಿಗೂ ಗೊತ್ತಿರಲಿಲ್ಲ. ಶನಿವಾರ ತಾತ ಮೊಮ್ಮಗಳಿಬ್ಬರೂ ಗ್ರಂಥಾಲಯಕ್ಕೆ ಹೋದರು.

ಬೇರೆ ಯಾವ ಊರಿನಲ್ಲಿ ಈ ಪ್ರಶ್ನೆ ಹುಟ್ಟಿದ್ದರೂ ಉತ್ತರಕ್ಕಾಗಿ ಮ್ಯಾಡಿಸನ್ನಿನ ಕಡೆಗೇ ನೋಡಬೇಕಾಗುತ್ತಿತ್ತು. ಅಮೆರಿಕದ ಪ್ರಾದೇಶಿಕ ಇಂಗ್ಲಿಷಿನ ಮಹಾಕೋಶ ಸಿದ್ಧವಾದದ್ದು ಇಲ್ಲಿನ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ. ಅದರ ಪ್ರಧಾನ ಸಂಪಾದಕರು ಫ್ರೆಡರಿಕ್ ಕ್ಯಾಸಿಡಿ. 1907ರಲ್ಲಿ ಜಮೈಕಾ ದ್ವೀಪದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದ ವಿದ್ವಾಂಸರು. 1965ರಿಂದ 1970ರವರೆಗೆ ಅವರ ಸಹಾಯಕರು ‘ವರ್ಡ್ ವ್ಯಾಗನ್’, ಎಂದರೆ ‘ಪದಗಳ ಬಂಡಿ’ ಎಂದು ಹೆಸರಾದ ವಾಹನಗಳಲ್ಲಿ ದೇಶದಾದ್ಯಂತ ಸಂಚರಿಸಿದರು. ಅವರು ತಂಗಿದ ಊರುಗಳು 1,002. ಮಾತನಾಡಿಸಿದ ಜನ 2,777. ಕೇಳಿದ ಪ್ರಶ್ನೆಗಳು 1,600ಕ್ಕೂ ಹೆಚ್ಚು. ಮಳೆ, ಗಾಳಿ, ಅಡಿಗೆ, ಹೊಲಮನೆಯ ಉಪಕರಣ, ಮಕ್ಕಳ ಆಟ ಹೀಗೆ ದಿನನಿತ್ಯದ ಬದುಕಿನಲ್ಲಿ ಯಾವುದಕ್ಕೆ ಏನೆನ್ನುತ್ತೀರಿ ಎಂಬುದೇ ಆ ಪ್ರಶ್ನೆಗಳ ರೀತಿ. ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಸುತ್ತದೆ ಅಡ್ಡಹಾಯ್ದು ಹೋಗುವುದಕ್ಕೆ ಏನೆನ್ನುತ್ತೀರಿ ಎಂಬುದೂ ಅವುಗಳಲ್ಲೊಂದಾಗಿತ್ತು.

ಕೋಶದ ಮೊದಲ ಸಂಪುಟ 1985ರಲ್ಲಿ ಹೊರಬಂದಿತು. ಕ್ಯಾಸಿಡಿಯವರು 2000ದಲ್ಲಿ ತೀರಿಕೊಂಡರು. ಕೆಲಸ ಇನ್ನೂ ಮುಗಿದಿರಲಿಲ್ಲ. ಅವರ ಸಮಾಧಿಯ ಕಲ್ಲಿನ ಮೇಲೆ, ಇಂಗ್ಲಿಷ್ ವರ್ಣಮಾಲೆಯ ಕೊನೆಯ ಅಕ್ಷರವನ್ನು ಮುಟ್ಟುವವರೆಗೆ ಮುನ್ನಡೆಯಿರಿ ಎಂಬರ್ಥದ ಮಾತನ್ನು ಕೆತ್ತಿದ್ದಾರೆ. ಉಳಿದವರು ಹಾಗೆಯೇ ಮುನ್ನಡೆದು, ಆ ಅಕ್ಷರವನ್ನು ಮುಟ್ಟಿದ ಐದನೆಯ ಸಂಪುಟವನ್ನು 2012ರಲ್ಲಿ ಹೊರತಂದರು.

ಮೇಷ್ಟ್ರಿಗೆ ಬೇಕಾಗಿದ್ದ ಪದ ಮೊದಲ ಸಂಪುಟದಲ್ಲಿಯೇ ಸಿಕ್ಕಿತು. ಅದಕ್ಕೆ ಒಂದೇ ರೂಪವಲ್ಲ. ವಿಸ್ಕಾನ್ಸಿನ್ನಿನಂಥ ಉತ್ತರದ ಸೀಮೆಗಳಲ್ಲಿ ‘ಕಿಟಿ-ಕಾರ್ನರ್’ ಎನ್ನುವುದು ಹೆಚ್ಚು. ದಕ್ಷಿಣದ ಕಡೆ ‘ಕ್ಯಾಟಿ-ಕಾರ್ನರ್’ ಎನ್ನುವುದು ಹೆಚ್ಚು. ಇವೆರಡಕ್ಕೂ ಹಿರಿಯದಾದ ಮೂಲರೂಪ ‘ಕೇಟರ್-ಕಾರ್ನರ್’. ಈ ‘ಕೇಟರ್’ ಎಂಬುದಕ್ಕೂ ಬೆಕ್ಕಿಗೂ ಯಾವ ನಂಟೂ ಇಲ್ಲ. ಅದು ಫ್ರೆಂಚ್ ಭಾಷೆಯಲ್ಲಿ ‘ನಾಲ್ಕು’ ಎಂಬ ಅರ್ಥವುಳ್ಳ ‘ಕಾತ್ರ್’ ಎಂಬ ಪದದಿಂದ ಬಂದದ್ದು. ಹಿಂದೆ ಇಂಗ್ಲೆಂಡಿನಲ್ಲಿ ದಾಳವಾಡುವವರು ಒಂದು, ಎರಡು, ಮೂರು ಚುಕ್ಕೆಗಳಿಗೆ ಏಸ್, ಡ್ಯೂಸ್, ಟ್ರೇ ಎಂದೂ ನಾಲ್ಕು ಚುಕ್ಕೆಗಳಿಗೆ ಕೇಟರ್ ಎಂದೂ ಹೇಳುತ್ತಿದ್ದರು. ದಾಳದ ನಾಲ್ಕು ಚುಕ್ಕೆಗಳು ಮುಖದ ನಾಲ್ಕು ಮೂಲೆಗಳಲ್ಲಿರುತ್ತವೆ. ಮೂಲೆಯಿಂದ ಮೂಲೆಗೆ ಅವುಗಳನ್ನು ಜೋಡಿಸಿದರೆ ಎರಡು ಓರೆಗೆರೆಗಳು ನಡುವೆ ಕತ್ತರಿಸುತ್ತವೆ. ಹೀಗೆ ‘ನಾಲ್ಕು’ ಎಂಬ ಮಾತಿಗೆ ‘ಓರೆಯಾಗಿ’ ಎಂಬ ಅರ್ಥ ಕೂಡಿಕೊಂಡಿತು. 16ನೆಯ ಶತಮಾನದ ವೇಳೆಗೆ ಓರೆಯಾಗಿ ಇಡುವುದು ಎಂಬರ್ಥದಲ್ಲಿ ಅದು ಇಂಗ್ಲಿಷಿನಲ್ಲಿ ಕ್ರಿಯಾಪದವೂ ಆಗಿತ್ತು. 19ನೆಯ ಶತಮಾನದಲ್ಲಿ ಅಮೆರಿಕದ ಜನ ಅದಕ್ಕೆ ಮೂಲೆಯನ್ನು ಸೇರಿಸಿಕೊಂಡರು.

ಕಾಲಕ್ರಮದಲ್ಲಿ ದಾಳದ ಕೇಟರ್ ಮರೆತುಹೋಯಿತು. ಅರ್ಥ ಮರೆತ ಶಬ್ದವನ್ನು ಜನರ ನಾಲಿಗೆ ಹಾಗೆಯೇ ಬಿಡುವುದಿಲ್ಲ. ತನಗೆ ಪರಿಚಯವಿರುವ ಯಾವುದಾದರೊಂದು ಪದದ ಹೋಲಿಕೆಗೆ ಅದನ್ನು ತಿದ್ದಿಕೊಳ್ಳುತ್ತದೆ. ಕೇಟರ್ ಎಂಬುದು ಬೆಕ್ಕನ್ನು ನೆನಪಿಸುವ ‘ಕ್ಯಾಟಿ’ ಆಯಿತು. ದೊಡ್ಡ ಬೆಕ್ಕು ಬಂದ ಮೇಲೆ ಮರಿ ಬರುವುದೇನು ಕಷ್ಟ? ‘ಕಿಟಿ’ಯೂ ಬಂತು. ಮೇಷ್ಟ್ರನ್ನು ಅರ್ಧ ಗಂಟೆ ಅಲೆಸಿದ ಬೆಕ್ಕು ಹುಟ್ಟಿದ್ದು ಹೀಗೆ.

ಮೇಷ್ಟ್ರಿಗೆ ಇನ್ನೊಂದು ಬೆರಗು ಕಾದಿತ್ತು. ಫ್ರೆಂಚಿನ ಆ ಪದ ಲ್ಯಾಟಿನ್ನಿನ ‘ಕ್ವಾತ್ತುವೊರ್’ ಎಂಬುದರಿಂದ ಬಂದದ್ದು. ಲ್ಯಾಟಿನ್ನಿನ ಕ್ವಾತ್ತುವೊರ್, ಸಂಸ್ಕೃತದ ‘ಚತುರ್’ ಇವೆರಡೂ ಒಂದೇ ಮೂಲದ ಮಾತುಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಈ ಬಾಂಧವ್ಯವನ್ನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ 1786ರಲ್ಲಿಯೇ ಎತ್ತಿ ಹೇಳಿದ್ದರು. ಕನ್ನಡದ ‘ನಾಲ್ಕು’ ಈ ಕುಟುಂಬಕ್ಕೆ ಸೇರಿದ್ದಲ್ಲ. ಅದು ದ್ರಾವಿಡ ಭಾಷೆಗಳ ಸೊತ್ತು. ಆದರೆ ಕನ್ನಡಿಗರು ದಿನವೂ ಆಡುವ ‘ಚೌಕ’ ಎಂಬ ಮಾತು ಸಂಸ್ಕೃತದ ಚತುಷ್ಕದಿಂದ ಪ್ರಾಕೃತದ ಮೂಲಕ ಇಳಿದು ಬಂದದ್ದು. ಅಂದಮೇಲೆ ಮ್ಯಾಡಿಸನ್ನಿನ ಅಂಚೆಯವನ ಬಾಯಿಯ ‘ಕಿಟಿ’ಗೂ ತುಮಕೂರಿನ ‘ಚೌಕ’ಕ್ಕೂ ದೂರದ ದಾಯಾದಿತನವುಂಟು. “ಅವನು ನನಗೆ ಚೌಕದ ಮೂಲೆ ಎಂದೇ ಹೇಳಿದ್ದ. ನನಗೆ ಕೇಳಿಸಲಿಲ್ಲ, ಅಷ್ಟೆ” ಎಂದು ಮೇಷ್ಟ್ರು ಮೊಮ್ಮಗಳಿಗೆ ಹೇಳಿದರು.

ಮೊಮ್ಮಗಳು ನಕ್ಕಳು. ಆದರೆ ಮೇಷ್ಟ್ರ ಮನಸ್ಸು ಬೇರೊಂದೆಡೆ ನಿಂತುಬಿಟ್ಟಿತ್ತು. ಬಂಡಿ ಕಟ್ಟಿಕೊಂಡು ಊರೂರು ತಿರುಗಿದ ಆ ವಿದ್ವಾಂಸರು ರೈತರ, ಗೃಹಿಣಿಯರ, ಕೂಲಿಕಾರರ ಮನೆಬಾಗಿಲಿಗೆ ಹೋಗಿ, ‘ಇದಕ್ಕೆ ನೀವು ಏನೆನ್ನುತ್ತೀರಿ?’ ಎಂದು ಕೇಳಿದ್ದರು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಿದ್ದರು. ಬೆಕ್ಕು ಎಂದವನಿಗೆ ‘ಅದು ತಪ್ಪು, ಡಯಾಗನಲ್ ಎನ್ನು’ ಎಂದು ಹೇಳಿರಲಿಲ್ಲ. ಇದನ್ನು ಓದುತ್ತಿದ್ದಂತೆ ಅವರಿಗೆ ಮೂವತ್ತು ವರ್ಷಗಳ ಹಿಂದಿನ ಒಂದು ತರಗತಿ ನೆನಪಿಗೆ ಬಂತು.

ಅಂದು ಅವರು ಕರಿಹಲಗೆಯ ಮೇಲೆ ಆಯತವನ್ನು ಬರೆದು, “ಕರ್ಣ ಎಂದರೇನು?” ಎಂದು ಕೇಳಿದ್ದರು. ಯಾರೂ ಬಾಯಿ ಬಿಡಲಿಲ್ಲ. ಹಿಂದಿನ ಬೆಂಚಿನಿಂದ ಗಾರೆಕೆಲಸದವನ ಮಗನೊಬ್ಬ ಎದ್ದು ನಿಂತು, “ಪಾಯ ಗುರುತು ಹಾಕುವಾಗ ಈ ಮೂಲೆಯಿಂದ ಆ ಮೂಲೆಗೆ ಹಿಡಿಯೋ ದಾರ, ಸಾರ್” ಎಂದ. ಮೇಷ್ಟ್ರು, “ಇದು ಗಣಿತದ ತರಗತಿಯಪ್ಪಾ, ಗಾರೆ ಕಲಸುವ ಜಾಗವಲ್ಲ” ಎಂದರು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗ ಕುಳಿತುಕೊಂಡ. ಆಮೇಲೆ ಪರೀಕ್ಷೆಯಲ್ಲಿಯೂ ಅವನು ‘ಮೂಲೆಯಿಂದ ಮೂಲೆಗೆ’ ಎಂದೇ ಬರೆದಿದ್ದ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಅದರ ಮೇಲೆ ಗೆರೆಯೆಳೆದು ಅಂಕ ಕಳೆದಿದ್ದರು. ಆ ಹುಡುಗ ಮತ್ತೆಂದೂ ಅವರ ತರಗತಿಯಲ್ಲಿ ಕೈಯೆತ್ತಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ಅನುತ್ತೀರ್ಣನಾದ. ಮತ್ತೆ ಪರೀಕ್ಷೆಗೆ ಕಟ್ಟಲೂ ಇಲ್ಲ. ತಂದೆಯ ಹಿಂದೆ ಕರಣೆ ಹಿಡಿದು ಹೊರಟುಹೋದ.

ಮೇಷ್ಟ್ರು ಅದೇ ಗ್ರಂಥಾಲಯದಲ್ಲಿ ಇನ್ನೊಂದು ನಿಘಂಟನ್ನು ತೆಗೆದು ‘ಡಯಾಗನಲ್’ ಎಂಬ ಪದವನ್ನು ನೋಡಿದರು. ಅದು ಗ್ರೀಕ್ ಮೂಲದ್ದು. ‘ದಿಯಾ’ ಎಂದರೆ ಹಾಯ್ದು; ‘ಗೋನಿಯಾ’ ಎಂದರೆ ಕೋನ, ಮೂಲೆ. ಅಂದರೆ ಮೂಲೆಯಿಂದ ಮೂಲೆಗೆ ಹಾಯ್ದದ್ದು. ಇಷ್ಟೇ! ಲೋಕದ ಪಂಡಿತರೆಲ್ಲ ಗೌರವದಿಂದ ಉಚ್ಚರಿಸುವ ಆ ಪದದೊಳಗೆ ಹಿಂದಿನ ಬೆಂಚಿನ ಹುಡುಗ ಹೇಳಿದ ಮಾತಿಗಿಂತ ಹೆಚ್ಚಿನದೇನೂ ಇರಲಿಲ್ಲ. ಅವನು ಅದನ್ನು ಗ್ರೀಕಿನಲ್ಲಿ ಹೇಳದೆ ಕನ್ನಡದಲ್ಲಿ ಹೇಳಿದ್ದ.

ಅಷ್ಟೇ ಅಲ್ಲ. ಮೇಷ್ಟ್ರು ಗಣಿತದ ಇತಿಹಾಸವನ್ನು ಓದಿಕೊಂಡವರು. ಯಜ್ಞವೇದಿಕೆಗಳನ್ನು ಅಳೆದು ಕಟ್ಟುವ ವಿಧಾನವನ್ನು ತಿಳಿಸುವ ಪ್ರಾಚೀನ ಶುಲ್ಬಸೂತ್ರಗಳಲ್ಲಿ ಕರ್ಣಕ್ಕೆ ‘ಅಕ್ಷ್ಣಯಾ ರಜ್ಜು’ ಎಂದು ಕರೆದಿರುವುದು ಅವರಿಗೆ ತಿಳಿಯದ ವಿಷಯವಲ್ಲ. ‘ಅಕ್ಷ್ಣಯಾ’ ಎಂದರೆ ಓರೆಯಾಗಿ. ‘ರಜ್ಜು’ ಎಂದರೆ ಹಗ್ಗ. ಶುಲ್ಬವೆಂದರೂ ಅಳತೆಯ ಹಗ್ಗವೇ. ಆಯತದ ಕರ್ಣದ ಮೇಲಿನ ವರ್ಗವು ಅದರ ಎರಡು ಬದಿಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮವೆಂಬ ತತ್ತ್ವವನ್ನು ಬೌಧಾಯನರು ಹೇಳಿದ್ದು ಈ ಓರೆಹಗ್ಗದ ಮಾತಿನಲ್ಲಿಯೇ. ಇದನ್ನೆಲ್ಲ ಓದಿದ್ದರೂ ತರಗತಿಯಲ್ಲಿ ಒಬ್ಬ ಬಾಲಕ ‘ದಾರ’ ಎಂದಾಗ ಮೇಷ್ಟ್ರಿಗೆ ಕಂಡದ್ದು ಗಾರೆ ಮಾತ್ರ. ಬೀದಿಯಲ್ಲಿ ಅಂಚೆಯವನ ಮಾತಿಗೆ ಕಿವುಡಾದ ಹಾಗೆಯೇ ಅವರು ಅಂದೂ ಕಿವುಡಾಗಿದ್ದರು. ವ್ಯತ್ಯಾಸವೆಂದರೆ, ಇಲ್ಲಿ ಅಲೆದವರು ತಾವು. ಅಲ್ಲಿ ದಾರಿ ತಪ್ಪಿದವನು ಆ ಹುಡುಗ. ಅವನಿಗೆ ಚೀಟಿಯ ಮೇಲೆ ಗೆರೆಯೆಳೆದು ತೋರಿಸುವವರು ಯಾರೂ ಇರಲಿಲ್ಲ. ತೋರಿಸಬೇಕಾದವರೇ ನಕ್ಕಿದ್ದರು.

ಪಾಠದ ಪದಗಳು ಬೇಡವೆಂದು ಇದರ ಅರ್ಥವಲ್ಲ. ದೇಶದ ಮೂಲೆ ಮೂಲೆಗಳ ಜನ ಒಂದೇ ಲೆಕ್ಕವನ್ನು ಮಾಡಬೇಕಾದರೆ ಎಲ್ಲರಿಗೂ ಒಪ್ಪಿತವಾದ ಒಂದು ಹೆಸರು ಬೇಕು. ‘ಕಿಟಿ-ಕಾರ್ನರ್’ ಎಂದು ಬರೆದರೆ ಅನ್ಯದೇಶದವನು ಬೆಕ್ಕನ್ನು ಹುಡುಕಿಕೊಂಡು ಹೋಗುತ್ತಾನೆಂಬುದಕ್ಕೆ ಮೇಷ್ಟ್ರೇ ಸಾಕ್ಷಿ. ಆದರೆ ಆ ಹೆಸರನ್ನು ಮುಟ್ಟುವುದಕ್ಕೆ ಪ್ರತಿಯೊಬ್ಬನೂ ತನ್ನ ಮನೆಯ ಮಾತಿನಿಂದಲೇ ಹೊರಡಬೇಕು. ಹುಡುಗ ಹೊರಟಿದ್ದ, ಒಂದು ಹೆಜ್ಜೆ ಇಟ್ಟೂ ಇದ್ದ. ‘ಹೌದಪ್ಪಾ, ಆ ದಾರವನ್ನೇ ಪುಸ್ತಕದಲ್ಲಿ ಕರ್ಣ ಎನ್ನುತ್ತಾರೆ’ ಎಂದು ಹೇಳಲು ಎಷ್ಟು ಹೊತ್ತು ಬೇಕಾಗಿತ್ತು?

ಚಳಿಗಾಲ ಕಳೆದ ಮೇಲೆ ಮೇಷ್ಟ್ರು ದಂಪತಿಗಳು ಊರಿಗೆ ಹಿಂದಿರುಗಿದರು. ಮೇಷ್ಟ್ರು ವಿಚಾರಿಸಿಕೊಂಡು ಹೋದಾಗ, ಊರ ಹೊರಗಿನ ಒಂದು ನಿವೇಶನದಲ್ಲಿ ಆ ಹುಡುಗ ಮನೆಗೆ ಪಾಯ ಗುರುತು ಹಾಕಿಸುತ್ತಿದ್ದ. ಈಗ ಅವನು ಹುಡುಗನಲ್ಲ; ತಲೆ ನರೆಯುತ್ತಿದ್ದ ದೊಡ್ಡ ಮೇಸ್ತ್ರಿ. ಮೇಷ್ಟ್ರನ್ನು ಕಂಡು ತಲೆಗೆ ಸುತ್ತಿದ್ದ ಟವೆಲನ್ನು ತೆಗೆದು ಕೈಮುಗಿದ. ಆಳಿಗೆ ಹೇಳಿ ಕುರ್ಚಿ ತರಿಸಿದ. ಮೇಷ್ಟ್ರು ಕುಳಿತುಕೊಳ್ಳದೆ, “ನಿನ್ನ ಹತ್ತಿರ ಒಂದು ಮಾತು ಹೇಳಬೇಕಾಗಿತ್ತಪ್ಪಾ. ಆ ದಿನ ತರಗತಿಯಲ್ಲಿ ನೀನು ಹೇಳಿದ ಉತ್ತರ ಸರಿಯಾಗಿತ್ತು. ನಾನು ತಪ್ಪು ಹಾಕಿದ್ದೆ” ಎಂದರು.

ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಬಳಿಕ, “ಅದೆಲ್ಲ ಯಾವ ಕಾಲದ ಮಾತು ಮೇಷ್ಟ್ರೇ, ನಾನು ಮರೆತೇಬಿಟ್ಟಿದ್ದೆ” ಎಂದ. ಯಾವ ದಿನ, ಯಾವ ಉತ್ತರ ಎಂದು ಅವನು ಕೇಳಲಿಲ್ಲ. ಅವನು ಮರೆತಿರಲಿಲ್ಲವೆಂದು ಮೇಷ್ಟ್ರಿಗೆ ಅದರಿಂದಲೇ ತಿಳಿಯಿತು.

ನಾಲ್ಕು ಗೂಟಗಳನ್ನು ನೆಟ್ಟಾಗಿತ್ತು. ಎದುರುಬದುರಿನ ಬದಿಗಳ ಅಳತೆ ಸಮವಾಗಿತ್ತು. ಬದಿಗಳು ಸಮವಿದ್ದ ಮಾತ್ರಕ್ಕೆ ಮೂಲೆಗಳು ನೆಟ್ಟಗಿರಬೇಕೆಂದಿಲ್ಲ. ಮೂಲೆಯಿಂದ ಮೂಲೆಗೆ ಹಿಡಿದ ಎರಡು ದಾರಗಳೂ ಸಮವಾಗಬೇಕು. ಮೇಸ್ತ್ರಿ ದಾರದ ಉಂಡೆಯನ್ನು ಕೈಗೆತ್ತಿಕೊಂಡು, ಅದರ ಒಂದು ತುದಿಯನ್ನು ಮೇಷ್ಟ್ರ ಕಡೆಗೆ ಚಾಚಿ, “ಆ ಮೂಲೆ ಹಿಡಿದುಕೊಳ್ಳಿ ಮೇಷ್ಟ್ರೇ” ಎಂ ದ. ಮೇಷ್ಟ್ರು ಪಂಚೆಯನ್ನು ಎತ್ತಿ ಕಟ್ಟಿ, ಗೂಟದ ಬಳಿ ಕುಕ್ಕುರುಗಾಲಿನಲ್ಲಿ ಕುಳಿತು ತುದಿಯನ್ನು ಹಿಡಿದುಕೊಂಡರು. ಮೇಸ್ತ್ರಿ ಎದುರು ಮೂಲೆಗೆ ಹೋಗಿ ದಾರವನ್ನು ಬಿಗಿಯಾಗಿ ಎಳೆದ. ಒಂದು ಕರ್ಣವನ್ನು ಅಳೆದದ್ದಾಯಿತು. ಇನ್ನೊಂದು ಕರ್ಣ ಎರಡು ಬೆರಳಷ್ಟು ಹೆಚ್ಚು ಬಂತು. ಅವನು ಗೂಟಗಳನ್ನು ಕೊಂಚ ಸರಿಸಿ ಮತ್ತೆ ಎಳೆದ, ಮತ್ತೆ ಅಳೆದ. ಬಿಸಿಲು ಏರುತ್ತಿತ್ತು. ‘ಈಗ ಸರಿಯಾಯಿತು’ ಎಂದು ಮೇಸ್ತ್ರಿ ಹೇಳುವವರೆಗೂ ಮೇಷ್ಟ್ರು ದಾರದ ತುದಿಯನ್ನು ಬಿಡಲಿಲ್ಲ.